ಒಗಟು, ವೃದ್ಧಾಪ್ಯ ಮತ್ತು ನುಡಿಯ ನೆನಪು: ವೃದ್ಧಾಶ್ರಮಗಳಲ್ಲಿ ಪದ ಊಹೆಯ ಆಟಗಳ ಮರುರೂಪಣೆಯನ್ನು ಕುರಿತು

ಒಗಟನ್ನು ಕುರಿತ ನಮ್ಮ ಅಧ್ಯಯನಗಳು ಬಹುಮಟ್ಟಿಗೆ ಸಂಗ್ರಹ, ವರ್ಗೀಕರಣ ಮತ್ತು ರಚನಾ ವಿಶ್ಲೇಷಣೆಗಳಿಗೆ ಸೀಮಿತವಾಗಿವೆ. ಒಗಟು ಮಕ್ಕಳ ಬುದ್ಧಿಯನ್ನು ಚುರುಕುಗೊಳಿಸುತ್ತದೆ ಎಂಬ ಮಾತು ಪೀಠಿಕೆಗಳಲ್ಲಿ ಪದೇ ಪದೇ ಬರುತ್ತದೆ. ಆದರೆ ಒಗಟನ್ನು ಹೇಳಿ ಉಳಿಸಿದವರು ಮುಖ್ಯವಾಗಿ ವಯಸ್ಸಾದವರು. ಆ ವಯಸ್ಸಾದವರಿಗೆ ಒಗಟು ಏನನ್ನು ಕೊಡಬಲ್ಲದು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡದ್ದು ವಿರಳ. ವೃದ್ಧಾಶ್ರಮಗಳಲ್ಲಿ ವಾಸಿಸುವ ಹಿರಿಯರಿಗಾಗಿ ಪದ ಊಹೆಯ ಆಟಗಳನ್ನು ಮರುರೂಪಿಸುವ ಪ್ರಯತ್ನಗಳು ಹೊರದೇಶಗಳಲ್ಲಿ ಹಲವು ವರ್ಷಗಳಿಂದ ನಡೆದಿವೆ. ಈ ಪ್ರಯತ್ನವನ್ನು ಕನ್ನಡದಲ್ಲಿ ಮಾಡುವುದಾದರೆ ಅದರ ಸ್ವರೂಪ ಹೇಗಿರಬೇಕು, ಅದಕ್ಕೆ ನಮ್ಮ ಒಗಟಿನ ಪರಂಪರೆ ಹೇಗೆ ಒದಗಬಲ್ಲದು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪ್ರಶ್ನೆ ಹುಟ್ಟಿದ್ದು ಗ್ರಂಥಾಲಯದಲ್ಲಿ ಅಲ್ಲ. ಬೇಲೂರು ತಾಲ್ಲೂಕಿನ ಅರೇಹಳ್ಳಿ ಸೀಮೆಯಿಂದ ಬಂದ ನಮ್ಮ ಬಂಧುವರ್ಗದ ಅಜ್ಜಿಯೊಬ್ಬರು ತಮ್ಮ ಕೊನೆಯ ವರ್ಷಗಳನ್ನು ನಗರದ ಒಂದು ವೃದ್ಧಾಶ್ರಮದಲ್ಲಿ ಕಳೆದರು. ನೋಡಲು ಹೋದವರೆಲ್ಲರೂ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: “ಅಜ್ಜಿ, ನಾನ್ಯಾರು ಹೇಳು ನೋಡೋಣ?” ಪ್ರೀತಿಯಿಂದಲೇ ಕೇಳುತ್ತಿದ್ದರು, ನಾನೂ ಕೇಳಿದ್ದೇನೆ. ಹೆಸರು ಹೊಳೆಯದಿದ್ದಾಗ ಅಜ್ಜಿಯ ಮುಖದಲ್ಲಿ ಮೂಡುತ್ತಿದ್ದ ನಾಚಿಕೆಯನ್ನು ನಾವು ಮರೆವು ಎಂದು ಕರೆದು ಸುಮ್ಮನಾಗುತ್ತಿದ್ದೆವು. ಒಂದು ದಿನ ಅವರು ಉತ್ತರಿಸುವ ಬದಲು, “ನೀವೇ ಎಷ್ಟು ಕೇಳ್ತೀರಿ, ಈಗ ನಾನೊಂದು ಕೇಳ್ತೀನಿ” ಎಂದು ಬೀಸುವ ಕಲ್ಲನ್ನು ಕುರಿತ ಒಗಟೊಂದನ್ನು ಎಲ್ಲಿಯೂ ತಡವರಿಸದೆ ಹೇಳಿದರು. ನನಗಾಗಲಿ, ಅಲ್ಲಿದ್ದ ಪರಿಚಾರಕಿ ಹುಡುಗಿಗಾಗಲಿ ಬಿಡಿಸಲಾಗಲಿಲ್ಲ. “ಸೋತ್ರಾ?” ಎಂದು ಕೇಳಿದ ಅವರ ದನಿಯಲ್ಲಿ ಹಿಂದಿನ ಅಧಿಕಾರ ಮರಳಿತ್ತು. ಒಂದು ಅನುಭವದಿಂದ ಸಿದ್ಧಾಂತವನ್ನು ಕಟ್ಟಲಾಗದು. ಆದರೆ ಒಂದೇ ವ್ಯಕ್ತಿ ಒಂದು ಪ್ರಶ್ನೆಯ ಮುಂದೆ ಕುಗ್ಗಿ, ಇನ್ನೊಂದು ಪ್ರಶ್ನೆಯನ್ನು ಕೇಳುವಾಗ ಅರಳಿದ್ದೇಕೆ ಎಂಬುದು ಭಾಷೆಯ ವಿದ್ಯಾರ್ಥಿಯೂ ಯೋಚಿಸಬೇಕಾದ ವಿಷಯ.

1. ಹಿನ್ನೆಲೆ

ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ 2007ರಲ್ಲಿ ಅಂಗೀಕಾರವಾಯಿತು. ಜಿಲ್ಲೆಗೊಂದರಂತೆ, ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ಆಶ್ರಯ ನೀಡಬಲ್ಲ ವೃದ್ಧಾಶ್ರಮಗಳ ಕಲ್ಪನೆಯನ್ನು ಅದು ಮುಂದಿಟ್ಟಿತು. ವೃದ್ಧಾಶ್ರಮವು ನಮ್ಮ ಸಮಾಜದ ಅಂಗೀಕೃತ ಸಂಸ್ಥೆಯಾಗಿದೆ ಎಂಬುದಕ್ಕೆ ಇದೊಂದು ಸಾಕ್ಷಿ. ಇನ್ನೊಂದೆಡೆ, 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಸಮೀಕ್ಷಾಧಾರಿತ ಅಂದಾಜಿನಂತೆ ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನ ಡಿಮೆನ್ಷಿಯಾ ಎಂಬ ಅರಿವುಗುಂದುವ ಕಾಯಿಲೆಯಿಂದ ಬಳಲುತ್ತಿದ್ದಾರೆ. ಊಟ, ಔಷಧ, ಹಾಸಿಗೆಗಳ ವ್ಯವಸ್ಥೆಯನ್ನು ಕಾಯ್ದೆ ಹೇಳಬಲ್ಲದು. ಹಗಲಿನ ಹೊತ್ತು ಅವರೊಡನೆ ಏನನ್ನು ಮಾತಾಡಬೇಕು ಎಂಬುದನ್ನು ಹೇಳಲಾರದು. ಆ ಕೆಲಸ ಆಯಾ ಭಾಷೆಯನ್ನು ಬಲ್ಲವರದು.

ಈ ದಿಕ್ಕಿನಲ್ಲಿ ಹೆಚ್ಚು ಪ್ರಸಿದ್ಧವಾಗಿರುವುದು ಇಂಗ್ಲೆಂಡಿನಲ್ಲಿ ರೂಪುಗೊಂಡ ಅರಿವಿನ ಉದ್ದೀಪನ ಚಿಕಿತ್ಸೆ. ಏಮೀ ಸ್ಪೆಕ್ಟರ್ ಮತ್ತು ಸಂಗಡಿಗರು ಇದರ ಪರಿಣಾಮದ ಅಧ್ಯಯನವನ್ನು 2003ರಲ್ಲಿ ಪ್ರಕಟಿಸಿದರು. ಚಿಕ್ಕ ಗುಂಪು, ವಾರಕ್ಕೆರಡು ಬೈಠಕ್ಕು, ಒಟ್ಟು 14 ಬೈಠಕ್ಕುಗಳು ಎಂಬುದು ಅದರ ಕ್ರಮ. ಪದಗಳನ್ನು ಜೋಡಿಸುವ, ಪದಗಳನ್ನು ಊಹಿಸುವ ಆಟಗಳು ಅದರ ಭಾಗ. ಸರಿ ಉತ್ತರಕ್ಕಿಂತ ಅಭಿಪ್ರಾಯಕ್ಕೆ ಬೆಲೆ ಕೊಡಬೇಕೆಂಬುದು ಅದರ ಮುಖ್ಯ ತತ್ತ್ವಗಳಲ್ಲಿ ಒಂದು. ಚೆನ್ನೈನ ಸಂಶೋಧಕರು ಇದನ್ನು ತಮಿಳು ಪರಿಸರಕ್ಕೆ ಅಳವಡಿಸಿದ ಪ್ರಯೋಗದ ವಿವರಗಳು 2017ರಲ್ಲಿ ಪ್ರಕಟವಾಗಿವೆ. ಇಂಥ ಅಳವಡಿಕೆಯಲ್ಲಿ ಹಾಡು, ಹಬ್ಬ, ಅಡುಗೆ ಮುಂತಾದ ವಿಷಯಗಳನ್ನು ಬದಲಿಸುವುದು ಸುಲಭ. ಪದದ ಆಟವನ್ನು ಹಾಗೆ ಬದಲಿಸಲು ಬರುವುದಿಲ್ಲ. ಏಕೆಂದರೆ ಪದದ ಆಟ ನಿಂತಿರುವುದೇ ಆಯಾ ಭಾಷೆಯ ಲಿಪಿ, ಪದರಚನೆ ಮತ್ತು ವಾಗ್ರೂಢಿಗಳ ಮೇಲೆ.

2. ಎರವಲು ಆಟಗಳ ಮಿತಿ

ಇಂಗ್ಲಿಷಿನ ಪದ ಊಹೆಯ ಆಟಗಳಲ್ಲಿ ಪ್ರಚಲಿತವಾದುದು ‘ಹ್ಯಾಂಗ್‌ಮನ್’. ಪದದ ಅಕ್ಷರಗಳ ಸಂಖ್ಯೆಗೆ ತಕ್ಕಷ್ಟು ಗೆರೆಗಳನ್ನೆಳೆದು, ಎದುರಾಳಿ ಒಂದೊಂದೇ ಅಕ್ಷರವನ್ನು ಊಹಿಸುತ್ತಾ ಹೋಗುವ ಆಟ ಇದು. ತಪ್ಪಿದಾಗಲೆಲ್ಲ ಗಲ್ಲಿಗೇರುವ ಮನುಷ್ಯನ ಚಿತ್ರಕ್ಕೆ ಒಂದೊಂದು ಗೆರೆ ಸೇರುತ್ತದೆ. ಸಾವಿನ ನೆರಳಲ್ಲಿರುವ ಹಿರಿಯರ ಮುಂದೆ ಈ ಚಿತ್ರವನ್ನು ಇಡುವುದು ಅನುಚಿತವೆಂಬುದು ಸ್ಪಷ್ಟ, ಚಿತ್ರವನ್ನು ಬದಲಿಸಿಕೊಳ್ಳಬಹುದು. ಬದಲಿಸಲಾಗದ ತೊಡಕು ಲಿಪಿಯದು.

ಇಂಗ್ಲಿಷಿನಲ್ಲಿ ಊಹಿಸಬೇಕಾದ ಘಟಕಗಳು 26. ಕನ್ನಡದ ವರ್ಣಮಾಲೆ 49 ಅಕ್ಷರಗಳದ್ದಾದರೂ ಬರಹದ ಘಟಕ ವರ್ಣವಲ್ಲ, ಗುಣಿತಾಕ್ಷರ. 34 ವ್ಯಂಜನಗಳು 13 ಸ್ವರಗಳೊಡನೆ ಕೂಡಿದರೆ 442 ರೂಪಗಳಾಗುತ್ತವೆ. ಒತ್ತಕ್ಷರಗಳು ಇದಕ್ಕೆ ಹೊರತು. ಇಷ್ಟರಲ್ಲಿ ಒಂದನ್ನು ಊಹಿಸುವುದು ತರುಣರಿಗೂ ಆಗದ ಕೆಲಸ. ಇನ್ನೊಂದು ತುದಿಯಲ್ಲಿ, ನಿತ್ಯಬಳಕೆಯ ಕನ್ನಡ ನಾಮಪದಗಳು ಅಕ್ಷರ ಸಂಖ್ಯೆಯಲ್ಲಿ ಬಹಳ ಚಿಕ್ಕವು. ರಾಗಿ, ಕಾಫಿ, ಅಕ್ಕಿ ಎರಡಕ್ಷರದವು. ಮೆಣಸು, ಏಲಕ್ಕಿ ಮೂರಕ್ಷರದವು. ‘ಅಕ್ಕಿ’ ಎಂಬಲ್ಲಿ ಮೊದಲನೆಯ ಅಕ್ಷರವನ್ನು ಬಿಟ್ಟುಕೊಟ್ಟರೆ ಉಳಿಯುವುದು ‘ಕ್ಕಿ’ ಎಂಬ ಒಂದೇ ಘಟಕ. ಹೀಗಾಗಿ ಈ ಆಟ ಕನ್ನಡದಲ್ಲಿ ಅತಿ ಕಠಿಣವಾಗುತ್ತದೆ, ಇಲ್ಲವೇ ಅರ್ಥಹೀನವಾಗುತ್ತದೆ. ಆರ್ಥರ್ ವಿನ್ 1913ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದಕ್ಕೆ ರಚಿಸಿದ ಚೌಕದ ಆಟದಿಂದ ಬೆಳೆದುಬಂದ ಪದಬಂಧವು ಕನ್ನಡ ಪತ್ರಿಕೆಗಳಲ್ಲಿ ಚೆನ್ನಾಗಿ ಒಗ್ಗಿದೆ. ಏಕೆಂದರೆ ಅಲ್ಲಿ ಅಕ್ಷರಕ್ಕಿಂತ ಮೊದಲು ಅರ್ಥದ ಸುಳಿವು ಇದೆ. ಆದರೆ ಪದಬಂಧ ಓದು ಬಲ್ಲವರ ಆಟ.

ಇಲ್ಲಿ ಸಾಕ್ಷರತೆಯ ಚರಿತ್ರೆಯನ್ನು ಮರೆಯುವಂತಿಲ್ಲ. 1951ರ ಜನಗಣತಿಯಂತೆ ಭಾರತದ ಸಾಕ್ಷರತೆ ಶೇ. 18.33, ಮಹಿಳೆಯರದು ಶೇ. 8.86. ಇಂದು ಎಂಬತ್ತು ದಾಟಿದ ಹಳ್ಳಿಯ ಹೆಂಗಸರು ತಮ್ಮ ಬಾಲ್ಯವನ್ನು ಕಳೆದದ್ದು ಈ ಅಂಕಿಗಳ ಕಾಲದಲ್ಲಿ. ಅವರ ಮುಂದೆ ಕಾಗದ ಪೆನ್ಸಿಲುಗಳನ್ನು ಇಟ್ಟು ಪದದ ಆಟ ಆಡಿಸಹೊರಟರೆ ನಾವು ಪರೀಕ್ಷಿಸುವುದು ಅವರ ನೆನಪನ್ನಲ್ಲ; ಎಂಟು ದಶಕಗಳ ಹಿಂದೆ ಅವರಿಗೆ ಸಿಗದೆ ಹೋದ ಶಾಲೆಯನ್ನು. ಹೀಗೆ ಆಟವೇ ಒಂದು ಅವಮಾನವಾಗುತ್ತದೆ. ಆದ್ದರಿಂದ ಅಂಥವರ ನಡುವೆ ಆಟ ಮೌಖಿಕವಾಗಿಯೇ ಇರಬೇಕು. ಮೌಖಿಕವಾದ, ಅರ್ಥದ ಸುಳಿವಿನಿಂದ ನಡೆಯುವ, ಅವರಿಗೆ ಆಗಲೇ ಪರಿಚಿತವಾದ ಪದ ಊಹೆಯ ಆಟ ನಮ್ಮಲ್ಲಿ ಇದೆ, ಅದೇ ಒಗಟು.

3. ಒಗಟಿನ ರಚನೆ ಮತ್ತು ನಾಮಪದದ ವಿಚಾರ

ರಾಬರ್ಟ್ ಜಾರ್ಜಸ್ ಮತ್ತು ಅಲನ್ ಡಂಡೆಸ್ 1963ರಲ್ಲಿ ನೀಡಿದ ರಚನಾತ್ಮಕ ವ್ಯಾಖ್ಯೆ ನಮ್ಮ ಜಾನಪದ ಅಧ್ಯಯನಕಾರರಿಗೆ ಪರಿಚಿತ. ಒಂದು ಅಥವಾ ಹೆಚ್ಚು ವರ್ಣನಾಂಶಗಳು, ಅವುಗಳಲ್ಲಿ ಎರಡು ಪರಸ್ಪರ ವಿರುದ್ಧವಾಗಿರುವ ಸಾಧ್ಯತೆ, ಕೇಳುಗನು ಊಹಿಸಬೇಕಾದ ಒಂದು ವಸ್ತು – ಇವು ಅವರು ಗುರುತಿಸಿದ ಲಕ್ಷಣಗಳು. ತೆಂಗಿನಕಾಯಿಯನ್ನು ಬಾಗಿಲಿಲ್ಲದ ಮನೆಯಾಗಿ, ಒಳಗೆ ನೀರಿಟ್ಟುಕೊಂಡ ಕೋಟೆಯಾಗಿ ಕಾಣುವ ಒಗಟುಗಳು ಈ ವ್ಯಾಖ್ಯೆಗೆ ಸರಳ ನಿದರ್ಶನಗಳು. ಅಲ್ಲಮನ ಬೆಡಗಿನ ವಚನಗಳು, ಕನಕದಾಸರ ಮುಂಡಿಗೆಗಳು, ಸಂಸ್ಕೃತದ ಪ್ರಹೇಳಿಕೆಗಳು ಇದೇ ಬುಡದ ಬೇರೆ ಬೇರೆ ಕವಲುಗಳೆಂಬುದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾದ ಸಂಗತಿಯಲ್ಲ.

ಇಲ್ಲಿ ನಮ್ಮ ವ್ಯಾಕರಣ ಪರಂಪರೆಯ ಒಂದು ವಿಭಾಗವನ್ನು ನೆನೆಯುವುದು ಉಪಯುಕ್ತ. ನಾಮಪದವನ್ನು ನಾವು ರೂಢ, ಅಂಕಿತ, ಅನ್ವರ್ಥ ಎಂದು ವಿಂಗಡಿಸುತ್ತೇವೆ. ನದಿ, ಕಲ್ಲು, ಮರ ಎಂಬವು ರೂಢಿಯಿಂದ ಬಂದವು. ವ್ಯಕ್ತಿಗೆ ಇಟ್ಟ ಹೆಸರು ಅಂಕಿತ. ಗುಣ, ವೃತ್ತಿ, ಸ್ಥಿತಿಗಳಿಗೆ ತಕ್ಕಂತೆ ಕರೆಯುವ ಜಾಣ, ವ್ಯಾಪಾರಿ, ಕುಂಟ ಮುಂತಾದವು ಅನ್ವರ್ಥ. ಅಂಕಿತನಾಮಕ್ಕೂ ಅದನ್ನು ಹೊತ್ತವರ ಗುಣಕ್ಕೂ ಸಂಬಂಧ ಇರಬೇಕಾಗಿಲ್ಲ. ಹೆಸರಿನಿಂದ ಆಳನ್ನಾಗಲಿ, ಆಳಿನಿಂದ ಹೆಸರನ್ನಾಗಲಿ ತರ್ಕಿಸಿ ತಿಳಿಯಲಾಗದು. ಒಗಟು ಮಾಡುವ ಕೆಲಸ ಇದಕ್ಕೆ ವಿರುದ್ಧವಾದುದು. ಅದು ರೂಢನಾಮದಿಂದ ಕರೆಯುವ ವಸ್ತುವನ್ನು ತೆಗೆದುಕೊಂಡು, ಆ ಹೆಸರನ್ನು ಮುಚ್ಚಿಟ್ಟು, ಅದರ ಗುಣಕ್ರಿಯೆಗಳಿಂದಲೇ ಒಂದು ತಾತ್ಕಾಲಿಕ ಅನ್ವರ್ಥನಾಮವನ್ನು ಕಟ್ಟುತ್ತದೆ. ಬಿಡಿಸುವವನು ಆ ಅನ್ವರ್ಥದ ಮೆಟ್ಟಿಲುಗಳನ್ನು ಹತ್ತಿ ರೂಢನಾಮವನ್ನು ಮುಟ್ಟುತ್ತಾನೆ.

ಈ ವಿಂಗಡಣೆಗೂ ವೃದ್ಧಾಪ್ಯದ ನೆನಪಿಗೂ ನೇರ ಸಂಬಂಧವಿದೆ. ‘ಬಾಯಲ್ಲೇ ಇದೆ, ಬರುತ್ತಿಲ್ಲ’ ಎಂದು ನಾವು ಹೇಳುವ ಸ್ಥಿತಿಯನ್ನು ರೋಜರ್ ಬ್ರೌನ್ ಮತ್ತು ಡೇವಿಡ್ ಮೆಕ್‌ನೀಲ್ 1966ರಲ್ಲಿ ಪ್ರಯೋಗಗಳ ಮೂಲಕ ಅಧ್ಯಯನ ಮಾಡಿದರು. ಪದ ಹೊಳೆಯದಿದ್ದರೂ ಅದರ ಮೊದಲ ಧ್ವನಿ, ಅದರ ಉದ್ದ ಹಲವು ವೇಳೆ ಹೊಳೆದಿರುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ವಯಸ್ಸಾದಂತೆ ಈ ಸ್ಥಿತಿ ಹೆಚ್ಚಾಗುತ್ತದೆ, ಅದರಲ್ಲಿಯೂ ವ್ಯಕ್ತಿನಾಮಗಳ ವಿಷಯದಲ್ಲಿ ವಿಶೇಷವಾಗಿ ಹೆಚ್ಚಾಗುತ್ತದೆ ಎಂಬುದನ್ನು ಡೆಬೊರಾ ಬರ್ಕ್ ಮತ್ತು ಸಂಗಡಿಗರ 1991ರ ಅಧ್ಯಯನ ತೋರಿಸಿತು. ಅರ್ಥ ಉಳಿದಿರುತ್ತದೆ; ಅರ್ಥದಿಂದ ಧ್ವನಿಗೆ ಹೋಗುವ ದಾರಿ ಸವೆದಿರುತ್ತದೆ. ಒಟ್ಟು ಪದಸಂಪತ್ತು ಮಾತ್ರ ಆರೋಗ್ಯವಂತ ವೃದ್ಧರಲ್ಲಿ ಬಹುಕಾಲ ಕುಂದದೆ ಉಳಿಯುತ್ತದೆ. ಡಿಮೆನ್ಷಿಯಾ ಬೇರೆ ಸಂಗತಿ. ಅಲ್ಲಿ ಅರ್ಥದ ನೆಲೆಯೇ ಕ್ರಮೇಣ ಶಿಥಿಲವಾಗಬಹುದು. ಆದರೂ ಬಾಲ್ಯ ಯೌವನಗಳಲ್ಲಿ ಕಲಿತದ್ದು ಇತ್ತೀಚಿನ ಸಂಗತಿಗಳಿಗಿಂತ ಹೆಚ್ಚು ಕಾಲ ಉಳಿಯುವುದು ಸಾಮಾನ್ಯವಾಗಿ ಕಾಣುವ ವಿಷಯ.

ಈಗ “ನಾನ್ಯಾರು ಹೇಳು?” ಎಂಬ ಪ್ರಶ್ನೆಯನ್ನು ಪರಿಶೀಲಿಸಬಹುದು. ಅದೂ ಪದ ಊಹೆಯ ಒಂದು ಆಟವೇ. ಆದರೆ ಅದರಲ್ಲಿ ವರ್ಣನಾಂಶವಿಲ್ಲ. ಸುಳಿವೆಂದರೆ ವಯಸ್ಸಿನೊಡನೆ ಬದಲಾಗಿರುವ ಒಂದು ಮುಖ ಮಾತ್ರ. ಅದು ಬೇಡುವ ಉತ್ತರ ಅಂಕಿತನಾಮ, ಅಂದರೆ ವೃದ್ಧಾಪ್ಯದಲ್ಲಿ ಎಲ್ಲಕ್ಕಿಂತ ಮೊದಲು ಜಾರುವ ಪದ. ಸೋತರೆ ಸೋಲುವುದು ಆಟದಲ್ಲಿ ಅಲ್ಲ, ಸಂಬಂಧದಲ್ಲಿ. ಒಗಟಿನ ಪ್ರಶ್ನೆಯಾದರೋ ಇಡಿಯಾಗಿ ಸುಳಿವೇ. ಅದರ ಉತ್ತರ ಮನೆ, ಹೊಲ, ತೋಟಗಳ ರೂಢನಾಮ. ಸೋಲು ನಗುವಿನಲ್ಲಿ ಮುಗಿಯುತ್ತದೆ. ಅಜ್ಜಿ ಒಂದರ ಮುಂದೆ ಕುಗ್ಗಿ ಇನ್ನೊಂದರಲ್ಲಿ ಅರಳಿದ್ದಕ್ಕೆ ಭಾಷಿಕವಾದ ಕಾರಣವಿದೆ ಎಂದು ಇದರಿಂದ ತಿಳಿಯುತ್ತದೆ.

ಇದರಿಂದ ಹೊರಡುವ ಮೊದಲ ಪ್ರಯೋಜನ ಬಹಳ ಸರಳವಾದುದು. ನೋಡಲು ಹೋದವರು ತಮ್ಮ ಹೆಸರನ್ನು ಕೇಳುವ ಬದಲು ತಮ್ಮನ್ನೇ ಒಂದು ಒಗಟಾಗಿ ಒಡ್ಡಿಕೊಳ್ಳಬಹುದು: “ನಿಮ್ಮ ಎರಡನೆಯ ಮಗಳ ಮಗ; ಕಣದಲ್ಲಿ ಹರಡಿದ ಕಾಫಿ ತುಳಿದು ನಿಮ್ಮ ಕೈಲಿ ಬೈಸಿಕೊಂಡವನು.” ಇಲ್ಲಿ ಹೆಸರು ಬಂದರೆ ಸಂತೋಷ; ಬಾರದಿದ್ದರೂ ಕಾಫಿಯ ಕಣ ಬರುತ್ತದೆ, ಬೈಗುಳ ಬರುತ್ತದೆ, ಮಗಳು ಬರುತ್ತಾಳೆ.

4. ಮರುರೂಪಣೆಯ ತತ್ತ್ವಗಳು

ಒಗಟು ನಮ್ಮಲ್ಲಿ ಇದೆ ಎಂದ ಮಾತ್ರಕ್ಕೆ ಅದನ್ನು ಇದ್ದಂತೆಯೇ ವೃದ್ಧಾಶ್ರಮಕ್ಕೆ ಒಯ್ಯಲಾಗದು. ಒಗಟಿನ ಕೂಟದಲ್ಲಿ ಸ್ಪರ್ಧೆಯಿದೆ, ಸೋತವರನ್ನು ಗೇಲಿ ಮಾಡುವುದಿದೆ. ಪುಸ್ತಕವೊಂದನ್ನು ಹಿಡಿದು ಪರಿಚಾರಕರು ಕೇಳುತ್ತಾ ಹೋದರೆ ಒಗಟೂ “ಇವತ್ತು ಯಾವ ವಾರ?” ಎಂಬ ವೈದ್ಯಕೀಯ ಪ್ರಶ್ನೆಯ ಸಾಲಿಗೆ ಸೇರುತ್ತದೆ. ಆದ್ದರಿಂದ ಕೆಲವು ಬದಲಾವಣೆಗಳು ಅವಶ್ಯ.

ಮೊದಲನೆಯದಾಗಿ, ಕೇಳುವವರ ಸ್ಥಾನ ಹಿರಿಯರದಾಗಿರಬೇಕು. ಒಗಟಿನಲ್ಲಿ ಅಧಿಕಾರವಿರುವುದು ಉತ್ತರ ಬಲ್ಲವರ ಕೈಯಲ್ಲಿ. ವೃದ್ಧಾಶ್ರಮದ ದಿನಚರಿಯಲ್ಲಿ ಹಿರಿಯರು ಇಡೀ ದಿನ ಉತ್ತರಿಸುವವರೇ ಆಗಿರುತ್ತಾರೆ: ಊಟವಾಯಿತೇ, ಮಾತ್ರೆ ನುಂಗಿದಿರಾ, ನಿದ್ರೆ ಬಂತೇ. ಒಗಟಿನ ಹೊತ್ತಿನಲ್ಲಾದರೂ ಈ ದಿಕ್ಕು ತಿರುಗಬೇಕು. ಬೀಸುವ ಕಲ್ಲು, ಒನಕೆ, ಏತ, ಕಂಬಳಿಕೊಪ್ಪೆಗಳನ್ನು ಕಾಣದೆ ಬೆಳೆದ ತರುಣ ಪರಿಚಾರಕರು ಸಹಜವಾಗಿಯೇ ಸೋಲುತ್ತಾರೆ, ನಟಿಸಬೇಕಾಗಿಲ್ಲ. ಮುಂದಿನ ಸೂಚನೆಗಳೆಲ್ಲ ಇದಕ್ಕೆ ಪೂರಕ ಮಾತ್ರ.

ಎರಡನೆಯದಾಗಿ, ಒಂದೇ ಉತ್ತರದ ನಿಯಮವನ್ನು ಸಡಿಲಿಸಬೇಕು. ಸಂಪ್ರದಾಯದ ಒಗಟಿಗೆ ಉತ್ತರ ಮೊದಲೇ ನಿಶ್ಚಿತ. ಇಲ್ಲಿ ವರ್ಣನೆಗೆ ಹೊಂದುವ ಯಾವ ಉತ್ತರವನ್ನಾದರೂ ಒಪ್ಪಿ, ಹೇಗೆ ಹೊಂದುತ್ತದೆ ಎಂದು ಕೇಳಬೇಕು. ಮಾದರಿಗಾಗಿ ನಾನೇ ಕಟ್ಟಿದ ಒಂದು ಒಗಟು: “ಕೆಳಗಿನವಳು ಕದಲಳು, ಮೇಲಿನವಳು ನಿಲ್ಲಳು, ಇಬ್ಬರ ಜಗಳದಲ್ಲಿ ಮನೆಮಂದಿಗೆ ಊಟ.” ಬೀಸುವ ಕಲ್ಲು ಎಂಬುದು ಕಟ್ಟಿದವನ ಉತ್ತರ. ಒರಳು ಮತ್ತು ಗುಂಡುಕಲ್ಲು ಎಂದರೂ ತಪ್ಪಲ್ಲ. ಒಲೆ ಮತ್ತು ಕುದಿಯುವ ಮಡಕೆ ಎಂದು ಯಾರಾದರೂ ವಾದಿಸಿದರೆ ಆ ವಾದವೇ ಆಟದ ಫಲ.

ಮೂರನೆಯದಾಗಿ, ಸುಳಿವುಗಳಿಗೆ ಒಂದು ಕ್ರಮವಿರಬೇಕು. ಉತ್ತರ ಹೊಳೆಯದಾಗ ಮೊದಲು ಅರ್ಥದ ಇನ್ನೊಂದು ಸುಳಿವು. ಅದು ಸಾಲದಿದ್ದರೆ ಮೊದಲ ಅಕ್ಷರದ ಧ್ವನಿ. ಅದೂ ಸಾಲದಿದ್ದರೆ ವಸ್ತುವನ್ನೇ ಕೈಗೆ ಕೊಡುವುದು. ಮೊದಲಕ್ಷರವನ್ನು ಬರೆದು ತೋರಿಸುವುದಕ್ಕಿಂತ ಉಚ್ಚರಿಸುವುದು ಮೇಲು. ಕಾಗುಣಿತದ ಅಕ್ಷರವೊಂದು ಸ್ವರಸಹಿತವಾದ ಉಚ್ಚಾರವಾದ್ದರಿಂದ, ‘ಬೀ’ ಎಂದೊಡನೆ ಪದದ ಅರ್ಧ ಭಾಗ ಬಾಯಿಗೆ ಬಂದಿರುತ್ತದೆ. ಹ್ಯಾಂಗ್‌ಮನ್ ಆಟದಲ್ಲಿ ತೊಡಕಾದ ಅಕ್ಷರ ಸ್ವರೂಪವೇ ಇಲ್ಲಿ ಅನುಕೂಲವಾಗುವುದು ಗಮನಾರ್ಹ. ಮೆಣಸು, ಏಲಕ್ಕಿ, ಹುರಿದ ಕಾಫಿಬೀಜಗಳ ವಾಸನೆ ಮಾತಿಗಿಂತ ಬೇಗ ಕೆಲಸ ಮಾಡೀತು.

ನಾಲ್ಕನೆಯದಾಗಿ, ಸೋಲು ವ್ಯಕ್ತಿಯದಾಗಬಾರದು. ಐದರಿಂದ ಎಂಟು ಜನರ ಗುಂಪು ಒಟ್ಟಾಗಿ ಯೋಚಿಸಿ, ಒಟ್ಟಾಗಿ ‘ಸೋತೆವು’ ಎನ್ನಬೇಕು. ಒಬ್ಬರನ್ನೇ ಹೆಸರಿಟ್ಟು ಕೇಳುವ ಶಾಲೆಯ ಪದ್ಧತಿ ಬೇಡ.

ಐದನೆಯದಾಗಿ, ಆಡುನುಡಿಯೇ ಪ್ರಮಾಣವಾಗಬೇಕು. ಮಲೆನಾಡಿನವರು ‘ಇಂಬಳ’ ಎಂದುದನ್ನು ‘ಜಿಗಣೆ’ ಎಂದು ತಿದ್ದುವುದು ಪಾಠಶಾಲೆಯಲ್ಲಿಯೂ ಸಲ್ಲದು. ಇಲ್ಲಂತೂ ಅದು ನೆನಪಿನ ಬಾಗಿಲನ್ನು ಮುಚ್ಚಿದಂತೆ. ಒಗಟನ್ನು ನಿಧಾನವಾಗಿ, ಲಯ ಕೆಡದಂತೆ, ಎರಡು ಮೂರು ಬಾರಿ ಹೇಳಬೇಕು. ಕಿವಿ ಮಂದವಾದವರಿಗೆ ಗಟ್ಟಿ ದನಿಗಿಂತ ಎದುರು ಕುಳಿತ ಮುಖ ಮುಖ್ಯ.

5. ಎಚ್ಚರ ವಹಿಸಬೇಕಾದ ಎಡೆಗಳು

ಒಗಟಿನ ಸಂಗ್ರಹವೆಲ್ಲವೂ ನಿರಪಾಯಕರವಲ್ಲ. ಹೊರನೋಟಕ್ಕೆ ಅಶ್ಲೀಲವಾಗಿ ಕೇಳಿಸಿ, ಉತ್ತರದಲ್ಲಿ ಒನಕೆಯಾಗಿಯೋ ಬಾವಿಯಾಗಿಯೋ ಮುಗಿಯುವ ಒಗಟುಗಳ ಒಂದು ವರ್ಗವೇ ಇದೆ. ಇವನ್ನು ಪರಿಚಾರಕರು ಹೇಳಿದರೆ ಅಪಹಾಸ್ಯ; ಹಿರಿಯ ಹೆಂಗಸರು ತಮ್ಮತಮ್ಮಲ್ಲೇ ಹೇಳಿಕೊಂಡರೆ ಅದು ಅವರ ಹಕ್ಕಿನ ನಗೆ. ಹಾಗೆ ನಗುವವರನ್ನು ‘ವಯಸ್ಸಿಗೆ ತಕ್ಕುದಲ್ಲ’ ಎಂದು ತಡೆಯಲು ನಾವು ಯಾರು? ಆಯ್ಕೆ ಅವರದಾಗಿರಬೇಕು.

ಇದಕ್ಕಿಂತ ಸೂಕ್ಷ್ಮವಾದುದು ಗಂಡನ ಹೆಸರು ಹೇಳುವ ಒಡಪು. ಉತ್ತರ ಕರ್ನಾಟಕದಲ್ಲಿ ಮದುವೆ, ಸೀಮಂತಗಳ ಸಂದರ್ಭದಲ್ಲಿ ಹೆಂಡತಿ ಒಗಟಿನಂಥ ಪದ್ಯದೊಳಗೆ ಗಂಡನ ಹೆಸರನ್ನು ಹುದುಗಿಸಿ ಹೇಳುವ ರೂಢಿ ಎಲ್ಲರಿಗೂ ತಿಳಿದದ್ದು. ವೃದ್ಧಾಶ್ರಮದಲ್ಲಿ ಗಂಡನನ್ನು ಕಳೆದುಕೊಂಡವರು ಹಲವರು. ಅವರಿಗೆ ಒಡಪು ಹೇಳಿಸುವುದು ಗಾಯವನ್ನು ಕೆದಕಿದಂತಾಗಬಹುದು. ಹಲವು ವರ್ಷಗಳಿಂದ ಯಾರೂ ಕೇಳದ ಹೆಸರೊಂದನ್ನು ಗಟ್ಟಿಯಾಗಿ ಉಚ್ಚರಿಸುವ ಅವಕಾಶವೂ ಆಗಬಹುದು. ಮುಂಚಿತವಾಗಿ ನಿರ್ಧರಿಸುವ ಅಧಿಕಾರ ನಮಗಿಲ್ಲ. ಕೇಳದಿರುವುದು ಕ್ರಮ, ತಾವಾಗಿ ಹೇಳಿದರೆ ಪೂರ್ತಿ ಆಲಿಸುವುದು ಧರ್ಮ.

ಮೂರನೆಯ ಎಚ್ಚರ ನಮ್ಮ ಮಾತಿನ ಬಗ್ಗೆಯೇ. ಒಗಟು ಔಷಧವಲ್ಲ. ಅದು ಡಿಮೆನ್ಷಿಯಾವನ್ನು ಗುಣಪಡಿಸುತ್ತದೆ ಎಂದು ಹೇಳುವುದು ಜಾನಪದಕ್ಕೂ ವೈದ್ಯಕ್ಕೂ ಅಪಚಾರ. ಅದು ಕೊಡಬಲ್ಲುದು ಒಂದು ಗಂಟೆಯ ಮಾತು, ಗುಂಪಿನಲ್ಲಿ ಒಂದು ಸ್ಥಾನ, ತಾನು ಬಲ್ಲೆನೆಂಬ ಭಾವ. ಅದು ಚಿಕ್ಕದೇನಲ್ಲ.

6. ಅರೇಹಳ್ಳಿಯಿಂದ ಅರಸೀಕೆರೆಯವರೆಗೆ: ಪ್ರದೇಶದ ಪ್ರಶ್ನೆ

ಒಗಟಿನ ವಸ್ತು ಪ್ರದೇಶಬದ್ಧವಾದುದರಿಂದ, ಹಾಸನ ಜಿಲ್ಲೆಗೆಲ್ಲ ಒಂದೇ ಒಗಟಿನ ಪಟ್ಟಿ ಸಾಕೆನ್ನುವಂತಿಲ್ಲ. ಅರೇಹಳ್ಳಿಯು ಬೇಲೂರು ತಾಲ್ಲೂಕಿನ ಪಶ್ಚಿಮದ ಕಾಫಿ ಸೀಮೆಯ ಹೋಬಳಿ. ಅದೇ ತಾಲ್ಲೂಕಿನ ಹಳೇಬೀಡಿನ ಕಡೆಗೆ ಬಂದರೆ ಬಯಲು ತೆರೆದುಕೊಳ್ಳುತ್ತದೆ. ಅರಸೀಕೆರೆಯನ್ನು ತಲುಪುವಷ್ಟರಲ್ಲಿ ರಾಗಿ ಮತ್ತು ತೆಂಗಿನ ಒಣ ಸೀಮೆ. ಮಳೆಗಾಲದ ತೋಟದಲ್ಲಿ ಕಾಲಿಗೆ ಹತ್ತುವ ಇಂಬಳ ಅರೇಹಳ್ಳಿಯವರಿಗೆ ನಿತ್ಯದ ಅನುಭವ, ಅರಸೀಕೆರೆಯವರಿಗೆ ಕೇಳಿದ ಮಾತು. ತೆಂಗಿನ ಗರಿ, ಮೊಟ್ಟೆ, ಕರಟ, ನಾರುಗಳ ಮೇಲೆ ಕಟ್ಟಿದ ಒಗಟು ಅರಸೀಕೆರೆಯವರ ಬಾಯಲ್ಲಿ ಬೇಗ ಬಿಡಿಸಿಕೊಂಡೀತು.

ಅರೇಹಳ್ಳಿಯ ಹಿರಿಯರಿಗೆ ಹೊಂದುವಂತೆ ಒಂದು ಬೈಠಕ್ಕನ್ನು ಹೀಗೆ ಯೋಜಿಸಬಹುದು. ಬೆಳಗಿನ ತಿಂಡಿಯ ನಂತರ, ದಣಿವಾಗುವ ಮುನ್ನ, ಮುಕ್ಕಾಲು ಗಂಟೆಯ ಕಾಲ. ತಟ್ಟೆಯೊಂದರಲ್ಲಿ ಮೆಣಸು, ಏಲಕ್ಕಿ, ಸಿಪ್ಪೆ ಸಹಿತ ಒಣಗಿಸಿದ ಕಾಫಿ ಇರುತ್ತವೆ. ನಡೆಸುವವರು ಮಾತಿಗೆ ಮೊದಲಾಗಿ ಒಂದು ಒಗಟನ್ನು ಹೇಳಿ ತಾವೇ ಸಿಕ್ಕಿಹಾಕಿಕೊಂಡಂತೆ ನಿಲ್ಲಬೇಕು: “ಒಂದು ಮಳೆಗೆ ಬೆಟ್ಟವೆಲ್ಲ ಬಿಳಿ ಸೀರೆ, ಮಲ್ಲಿಗೆಯ ಗಂಧವುಂಟು, ಮುಡಿಯುವವರಿಲ್ಲ.” ಕಾಫಿಯ ಹೂ ಎಂದು ತೋಟದಲ್ಲಿ ದುಡಿದ ಯಾರಾದರೂ ಹೇಳುವರು. ಅಲ್ಲಿಗೆ ಉತ್ತರ ಮುಗಿದರೂ ಮಾತು ಮುಗಿಯುವುದಿಲ್ಲ. ಹೂಮಳೆ ತಪ್ಪಿದ ವರ್ಷ ಏನಾಯಿತು, ಕೊಯ್ಲಿಗೆ ಯಾರು ಯಾರು ಬರುತ್ತಿದ್ದರು, ಲೈನು ಮನೆಯಲ್ಲಿ ಎಷ್ಟು ಒಲೆಗಳಿದ್ದವು ಎಂಬ ಮಾತುಗಳು ಹಿಂಬಾಲಿಸುತ್ತವೆ. ಎರಡನೆಯದು: “ಕಾಲಿಲ್ಲದೆ ಹತ್ತಿತು, ಹಸಿದು ಬಂತು, ಹೊಟ್ಟೆ ತುಂಬಿದ ಮೇಲೆ ಹೇಳದೆ ಹೋಯಿತು.” ಇದು ಇಂಬಳ. ಮೂರನೆಯ ಒಗಟು ಹಿರಿಯರದಾಗಬೇಕು. ಅವರು ಹೇಳುವವರೆಗೆ ಕಾಯಬೇಕು. ಆ ಮೌನವನ್ನು ತುಂಬಲು ಅವಸರಪಡಬಾರದು. ಅರ್ಧ ಮಾತ್ರ ನೆನಪಾದರೆ ಉಳಿದರ್ಧವನ್ನು ಗುಂಪು ಕಟ್ಟಲಿ.

ಕಾಫಿ ಸೀಮೆಯ ಇನ್ನೊಂದು ವಾಸ್ತವ ಬಹುಭಾಷಿಕತೆ. ತೋಟಗಳಲ್ಲಿ ಬಾಳು ಸವೆಸಿದವರಲ್ಲಿ ಮನೆಮಾತು ತುಳು, ತಮಿಳು, ಮಲಯಾಳಂ, ಬ್ಯಾರಿ, ಉರ್ದು ಆಗಿರುವವರೂ ಇದ್ದಾರೆ. ವಯಸ್ಸಾದಂತೆ ಆಮೇಲೆ ಕಲಿತ ಭಾಷೆ ಹಿಂದೆ ಸರಿದು ಮನೆಮಾತು ಮುಂದೆ ಬರುವುದುಂಟು. ತುಳುವಿನಲ್ಲಿ ಎದುರುಕತೆ, ತಮಿಳಿನಲ್ಲಿ ವಿಡುಕತೈ, ಮಲಯಾಳದಲ್ಲಿ ಕಡಂಕಥ ಎಂದು ಇದೇ ಪ್ರಕಾರ ಇದೆ. ಹಿರಿಯರೊಬ್ಬರು ತಮ್ಮ ಭಾಷೆಯಲ್ಲಿ ಒಗಟೊಡ್ಡಿ, ಕನ್ನಡದಲ್ಲಿ ವಿವರಿಸಿ, ಗುಂಪು ಬಿಡಿಸುವ ಕ್ರಮ ಇಲ್ಲಿ ಸಹಜ. ವಸ್ತು ಒಂದೇ ತೋಟದ್ದಾದುದರಿಂದ ಭಾಷೆ ಬೇರೆಯಾದರೂ ಊಹೆ ನಿಲ್ಲುವುದಿಲ್ಲ.

7. ಕನ್ನಡ ಅಧ್ಯಯನಕ್ಕೆ ಇದರಿಂದ ಏನು?

ಇದು ಸಮಾಜಸೇವೆಯ ವಿಷಯವಾಯಿತು, ಕನ್ನಡ ವಿಭಾಗಕ್ಕೇನು ಸಂಬಂಧ ಎಂಬ ಪ್ರಶ್ನೆ ಏಳಬಹುದು. ಡಂಡೆಸ್ 1964ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ ಜಾನಪದ ಪಠ್ಯವನ್ನು ಮಾತ್ರವಲ್ಲದೆ ಅದರ ಹೆಣಿಗೆಯನ್ನೂ ಸಂದರ್ಭವನ್ನೂ ದಾಖಲಿಸಬೇಕೆಂದು ವಾದಿಸಿದನು. ನಮ್ಮ ಒಗಟಿನ ಸಂಗ್ರಹಗಳು ಪಠ್ಯವನ್ನೂ ಉತ್ತರವನ್ನೂ ಕೊಡುತ್ತವೆ. ಯಾರು ಯಾರಿಗೆ ಹೇಳಿದರು, ತಪ್ಪು ಉತ್ತರಗಳು ಯಾವುವು, ಎಲ್ಲಿ ನಕ್ಕರು, ಯಾವ ಸುಳಿವಿಗೆ ಬಿಡಿಸಿತು ಎಂಬುದನ್ನು ಬಿಡುತ್ತವೆ. ತಪ್ಪು ಉತ್ತರಗಳ ಇತಿಹಾಸವಿಲ್ಲದೆ ಒಗಟಿನ ಅರ್ಥವಿಚಾರ ಅಪೂರ್ಣ. ವೃದ್ಧಾಶ್ರಮದ ಬೈಠಕ್ಕು ಈ ಕೊರತೆಯನ್ನು ತುಂಬಬಲ್ಲ ಕ್ಷೇತ್ರ. ಆದರೆ ಅಲ್ಲಿಗೆ ಸಂಗ್ರಾಹಕರಾಗಿ ಹೋಗಿ ಒಗಟನ್ನು ಕಿತ್ತುಕೊಂಡು ಬರುವುದು ಸಲ್ಲದು. ಧ್ವನಿಮುದ್ರಣಕ್ಕೆ ಅವರ ಒಪ್ಪಿಗೆ ಬೇಕು, ಒಪ್ಪಿಗೆ ನೀಡುವ ಸ್ಥಿತಿಯಲ್ಲಿ ಅವರಿದ್ದಾರೆಯೇ ಎಂಬ ವಿವೇಚನೆ ಬೇಕು, ಹೆಸರು ಗುಟ್ಟಾಗಿರಬೇಕು, ಮುದ್ರಿಸಿದ್ದನ್ನು ಮತ್ತೆ ಅವರಿಗೆ ಕೇಳಿಸಬೇಕು.

ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ. ಎಚ್. ಕೃಷ್ಣ ಅವರು ಕಂಡ ಶಾಸನವನ್ನು ಕನ್ನಡ ಓದಿದ ಪ್ರತಿಯೊಬ್ಬರೂ ಬಲ್ಲರು. ಬೇಲೂರು, ಹಳೇಬೀಡುಗಳ ಹೊಯ್ಸಳ ದೇವಾಲಯಗಳು ಸೋಮನಾಥಪುರದ ದೇವಾಲಯದೊಡನೆ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕಲ್ಲಿನ ಮೇಲಿನ ಅಕ್ಷರವನ್ನೂ ಶಿಲ್ಪವನ್ನೂ ಕಾಯಲು ನಾವು ಕಲಿತಿದ್ದೇವೆ. ಅದೇ ತಾಲ್ಲೂಕಿನ ತೋಟದ ಮನೆಗಳಿಂದ, ಲೈನು ಮನೆಗಳಿಂದ ಹೊರಟು ಎಲ್ಲೋ ಒಂದು ಹಾಸಿಗೆಯ ಮೇಲೆ ಕುಳಿತಿರುವವರ ಬಾಯಲ್ಲಿರುವ ಕನ್ನಡಕ್ಕೆ ಕಾವಲಿಲ್ಲ. ಕಲ್ಲಿನ ಅಕ್ಷರ ಓದುವವರಿಗಾಗಿ ಕಾಯಬಲ್ಲದು. ಒಗಟು ಕೇಳುವವರಿಲ್ಲದೆ ಬದುಕದು.

ಉಪಸಂಹಾರ

ಮೇಲಿನ ಚರ್ಚೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಅಕ್ಷರವನ್ನು ಊಹಿಸುವ ಎರವಲು ಆಟಗಳು ಕನ್ನಡದ ಲಿಪಿಗೂ ನಮ್ಮ ಹಿರಿಯರ ಶಿಕ್ಷಣದ ಚರಿತ್ರೆಗೂ ಒಗ್ಗುವುದಿಲ್ಲ. ಅರ್ಥದಿಂದ ಪದಕ್ಕೆ ಸಾಗುವ ಒಗಟು ವೃದ್ಧಾಪ್ಯದ ನೆನಪಿನ ಸ್ವಭಾವಕ್ಕೆ ಹತ್ತಿರವಾಗಿದೆ. ಅದನ್ನು ಮರುರೂಪಿಸುವಾಗ ಬದಲಾಗಬೇಕಾದದ್ದು ಒಗಟಿನ ಪಠ್ಯಕ್ಕಿಂತ ಹೆಚ್ಚಾಗಿ ಆಟದಲ್ಲಿ ಯಾರು ಕೇಳುತ್ತಾರೆ ಎಂಬುದು. ಹಿರಿಯರು ಕೇಳುವವರಾಗಬೇಕು, ಉಳಿದವರು ಸೋಲಲು ಸಿದ್ಧರಿರಬೇಕು.

ಬೀಸುವ ಕಲ್ಲಿನ ಆ ಒಗಟಿನ ಉತ್ತರವನ್ನು ಅಜ್ಜಿ ಅಂದು ಕೂಡಲೇ ಹೇಳಲಿಲ್ಲ. “ನಾಳೆ ಬಾ, ಹೇಳ್ತೀನಿ” ಎಂದರು. ಮರುದಿನ ಅವರಿಗೆ ನನ್ನ ಹೆಸರು ನೆನಪಿರಲಿಲ್ಲ. ಆದರೆ ಉತ್ತರ ಹೇಳದೆ ಸೋತುಹೋದವನು ಬಂದಿದ್ದಾನೆ ಎಂಬುದು ನೆನಪಿತ್ತು. ಅಂಕಿತನಾಮ ಹೋಗಿ ಅನ್ವರ್ಥನಾಮ 정ಉಳಿದಿತ್ತು. ಅಷ್ಟು ಗುರುತು ನನಗೆ ಸಾಕಾಗಿತ್ತು.